ಬುಡಾಪೆಸ್ಟ್‌ನಲ್ಲಿ ನಾಲ್ಕು ದಿನ: ಹಿರಿಯರು ಮತ್ತು ಮಕ್ಕಳೊಂದಿಗೆ ಹೋಗುವವರಿಗೆ ಕೈಪಿಡಿ

ಯುರೋಪ್ ಪ್ರವಾಸವೆಂದರೆ ಹತ್ತು ದಿನಗಳಲ್ಲಿ ಐದಾರು ದೇಶಗಳನ್ನು ಮುಟ್ಟಿ ಬರುವುದು ಎಂಬ ರೂಢಿ ನಮ್ಮಲ್ಲಿ ಬೇರೂರಿದೆ. ಎಪ್ಪತ್ತರ ಆಸುಪಾಸಿನ ಅಜ್ಜ ಅಜ್ಜಿಯರೂ ಶಾಲೆಗೆ ಹೋಗುವ ಮಕ್ಕಳೂ ಜೊತೆಯಲ್ಲಿರುವಾಗ ಈ ಕ್ರಮ ಯಾರಿಗೂ ಹಿತವಾಗುವುದಿಲ್ಲ. ದಿನದ ಅರ್ಧ ಬಸ್ಸಿನಲ್ಲಿ, ಉಳಿದರ್ಧ ಪೆಟ್ಟಿಗೆ ಕಟ್ಟಿ ಬಿಚ್ಚುವುದರಲ್ಲಿ ಕಳೆದುಹೋಗುತ್ತದೆ. ಅದಕ್ಕಿಂತ ಒಂದೇ ನಗರವನ್ನು ಆರಿಸಿಕೊಂಡು, ಒಂದೇ ಮನೆಯಲ್ಲಿ ತಂಗಿ, ನಿಧಾನವಾಗಿ ನೋಡುವುದು ಮೇಲು. ಅಂಥ ನಾಲ್ಕು ದಿನಗಳಿಗೆ ಹಂಗೆರಿಯ ರಾಜಧಾನಿ ಬುಡಾಪೆಸ್ಟ್‌ನಷ್ಟು ಒದಗಿಬರುವ ಊರು ಅಪರೂಪ ಎಂಬುದು ನನ್ನ ದೃಢವಾದ ಅಭಿಪ್ರಾಯ. ಡ್ಯಾನ್ಯೂಬ್ ನದಿ ಊರನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಹರಿಯುತ್ತದೆ. ಬಲದಂಡೆಯ ಬುಡಾ ಗುಡ್ಡಗಳ ನಾಡು, ಎಡದಂಡೆಯ ಪೆಸ್ಟ್ ಸಮತಟ್ಟಾದ ಪೇಟೆ. ಇವೆರಡೂ ಪಕ್ಕದ ಓಬುಡಾ ಎಂಬ ಊರಿನೊಡನೆ ಸೇರಿ ಒಂದು ನಗರವಾದದ್ದು 1873ರಲ್ಲಿ. ನದಿ ಯಾವ ಕಡೆಗಿದೆ ಎಂಬುದು ತಿಳಿದಿದ್ದರೆ ಇಲ್ಲಿ ದಾರಿ ತಪ್ಪುವ ಭಯವಿಲ್ಲ, ನೋಡಬೇಕಾದವುಗಳಲ್ಲಿ ಹೆಚ್ಚಿನವು ಆ ನದಿಯ ಆಚೀಚೆ ದಂಡೆಗಳಲ್ಲೇ ಇವೆ.

ಹೊರಡುವ ಮುನ್ನ

ಬೆಂಗಳೂರಿನಿಂದ ಬುಡಾಪೆಸ್ಟ್‌ಗೆ ಹೋಗುವವರು ದುಬೈ, ದೋಹಾ, ಇಸ್ತಾಂಬುಲ್ ಅಥವಾ ಜರ್ಮನಿಯ ಯಾವುದಾದರೂ ನಗರದಲ್ಲಿ ವಿಮಾನ ಬದಲಿಸುವುದು ವಾಡಿಕೆ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಷೆಂಗೆನ್ ಒಕ್ಕೂಟದಲ್ಲಿ ಹಂಗೆರಿ ಇರುವುದರಿಂದ ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ಕೊನೆಯ ಹದಿನೈದು ದಿನಗಳವರೆಗೆ ಕಾಯುವುದು ಸಲ್ಲದು. ಪ್ರತಿಯೊಬ್ಬರಿಗೂ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚವನ್ನು ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಹಿರಿಯರಿಗೆ ವಿಮೆ ಮಾಡಿಸುವಾಗ ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಅದು ಅನ್ವಯಿಸುತ್ತದೆಯೇ ಎಂಬುದನ್ನು ಓದಿಕೊಂಡೇ ಹಣ ಕಟ್ಟಬೇಕು. ಮಕ್ಕಳ ಅರ್ಜಿಗೆ ತಂದೆತಾಯಿ ಇಬ್ಬರ ಒಪ್ಪಿಗೆಯೂ ಬೇಕಾಗುವುದರಿಂದ, ಇಬ್ಬರಲ್ಲಿ ಒಬ್ಬರು ಮನೆಯಲ್ಲೇ ಉಳಿಯುವುದಾದರೆ ಒಪ್ಪಿಗೆ ಪತ್ರವನ್ನು ಮುಂಚಿತವಾಗಿ ಸಿದ್ಧಪಡಿಸಿಕೊಳ್ಳಿ.

ಜರ್ಮನಿಯಲ್ಲೋ ಆಸ್ಟ್ರಿಯಾದಲ್ಲೋ ಕೆಲಸದಲ್ಲಿರುವ ಮಕ್ಕಳ ಮನೆಗೆ ಬಂದ ಕನ್ನಡದ ತಂದೆತಾಯಿಗಳು ಅಲ್ಲಿಂದಲೇ ಇಲ್ಲಿಗೆ ಬರುವುದು ಇನ್ನೂ ಸುಲಭ. ಅವರಿಗೆ ಈಗಾಗಲೇ ಸಿಕ್ಕಿರುವ ಷೆಂಗೆನ್ ವೀಸಾ ಹಂಗೆರಿಗೂ ನಡೆಯುತ್ತದೆ, ಮತ್ತು ವಿಯೆನ್ನಾದಿಂದ ಬುಡಾಪೆಸ್ಟ್‌ನ ಕೆಲೆತಿ ನಿಲ್ದಾಣಕ್ಕೆ ರೈಲಿನಲ್ಲಿ ಸುಮಾರು ಎರಡೂಮುಕ್ಕಾಲು ಗಂಟೆಯ ದಾರಿ. ಒಂದೇ ಬಾರಿಯ ಪ್ರವೇಶಕ್ಕೆ ಕೊಟ್ಟ ವೀಸಾ ಇದ್ದವರು ಮಾತ್ರ ಪಕ್ಕದ ಸರ್ಬಿಯಾಕ್ಕೆ ಒಂದು ದಿನದ ಮಟ್ಟಿಗೆ ಹೋಗಿಬರೋಣ ಎಂದು ಹೊರಡಬಾರದು. ಅದು ಷೆಂಗೆನ್ ಗಡಿಯ ಹೊರಗಿರುವುದರಿಂದ ಮರಳಿ ಒಳಬರಲು ಆಗುವುದಿಲ್ಲ.

ಕಾಲದ ವಿಚಾರದಲ್ಲಿ ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರಗಳವರೆಗೆ, ಇಲ್ಲವೇ ಸೆಪ್ಟೆಂಬರ್‌ನಿಂದ ಅಕ್ಟೋಬರ್ ನಡುವಿನವರೆಗೆ ಹೋಗುವುದು ಉತ್ತಮ. ಜುಲೈ, ಆಗಸ್ಟ್‌ಗಳಲ್ಲಿ ಬಿಸಿಲು ಒಮ್ಮೊಮ್ಮೆ 35 ಡಿಗ್ರಿ ದಾಟುತ್ತದೆ, ಹಳೆಯ ಮನೆಗಳಲ್ಲಿ ಏಸಿ ಇರುವುದು ಕಡಿಮೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ.

ಸಾಮಾನು ಕಟ್ಟುವಾಗ ನಮ್ಮವರು ಎಡವುವುದು ತಿಂಡಿಯ ಡಬ್ಬಿಯಲ್ಲಿ. ಯುರೋಪ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಉತ್ಪನ್ನಗಳನ್ನೂ ಮಾಂಸವನ್ನೂ ತರುವಂತಿಲ್ಲ. ಆದ್ದರಿಂದ ತುಪ್ಪ, ಪೇಡ, ಖೋವಾ ಮನೆಯಲ್ಲೇ ಉಳಿಯಲಿ. ಹಸಿ ಕರಿಬೇವು, ಮಾವಿನಹಣ್ಣುಗಳಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ಪ್ರವೇಶವಿಲ್ಲ. ಚಟ್ನಿಪುಡಿ, ಅವಲಕ್ಕಿ, ಹುರಿದ ರವೆ, ಸಾರಿನಪುಡಿ, ಎಣ್ಣೆಯಲ್ಲಿ ಹಾಕಿದ ಉಪ್ಪಿನಕಾಯಿಗಳನ್ನು ಸೋರದಂತೆ ಕಟ್ಟಿಕೊಂಡು ನಿಶ್ಚಿಂತೆಯಿಂದ ಒಯ್ಯಬಹುದು. ಔಷಧಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ಮನೆ, ಹಣ, ಟ್ರಾಮ್

ತಂಗುವುದಕ್ಕೆ ಪೆಸ್ಟ್ ದಂಡೆಯೇ ಸರಿ, ಏಕೆಂದರೆ ಅಲ್ಲಿ ಏರುಗಳಿಲ್ಲ. ಎರಡನೇ ನಂಬರಿನ ಟ್ರಾಮ್ ಓಡುವ ನದಿಯಂಚಿನ ಸಾಲಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಕಾದಿರಿಸುವ ಮೊದಲು ಲಿಫ್ಟ್ ಇದೆಯೇ ಎಂದು ಬರೆದು ಕೇಳಿ ಉತ್ತರ ಪಡೆಯಿರಿ. ಹತ್ತೊಂಬತ್ತನೆಯ ಶತಮಾನದ ಕಟ್ಟಡಗಳ ಚಿತ್ರಗಳು ಎಷ್ಟೇ ಸೊಗಸಾಗಿದ್ದರೂ ಮೊಣಕಾಲು ನೋವಿರುವ ಅಜ್ಜಿಗೆ ದಿನಕ್ಕೆರಡು ಬಾರಿ ಮೂರು ಮಹಡಿ ಹತ್ತಿಸುವುದು ನ್ಯಾಯವಲ್ಲ. ಏಳನೆಯ ವಾರ್ಡಿನ ಒಳಬೀದಿಗಳು ರಾತ್ರಿಯ ಮದ್ಯಗೃಹಗಳಿಗೆ ಹೆಸರಾದವು, ಮಕ್ಕಳೊಂದಿಗೆ ಮಲಗುವ ಜಾಗವಲ್ಲ.

ಇಲ್ಲಿ ನಡೆಯುವ ನಾಣ್ಯ ಫೋರಿಂಟ್, ಯೂರೋ ಅಲ್ಲ. ಹೆಚ್ಚಿನ ಕಡೆ ಕಾರ್ಡ್ ನಡೆಯುತ್ತದೆ. ಯಂತ್ರವು ರೂಪಾಯಿಯಲ್ಲಿ ಕೊಡುವಿರೋ ಫೋರಿಂಟ್‌ನಲ್ಲಿ ಕೊಡುವಿರೋ ಎಂದು ಕೇಳಿದಾಗ ಯಾವಾಗಲೂ ಫೋರಿಂಟ್ ಒತ್ತಬೇಕು, ಇಲ್ಲವಾದರೆ ವಿನಿಮಯ ದರದಲ್ಲಿ ನಷ್ಟವಾಗುತ್ತದೆ. ನಗದು ಬೇಕಾದರೆ ಬ್ಯಾಂಕಿನ ಗೋಡೆಯಲ್ಲಿರುವ ಏಟಿಎಂ ಬಳಸಿ. ವಿಮಾನ ನಿಲ್ದಾಣದ ವಿನಿಮಯ ಕೌಂಟರ್ ಬೇಡ.

ಓಡಾಟಕ್ಕೆ 24 ಅಥವಾ 72 ಗಂಟೆಗಳ ಪಾಸ್ ಸಾಕು. ಅದು ಮೆಟ್ರೊ, ಟ್ರಾಮ್, ಬಸ್ ಎಲ್ಲಕ್ಕೂ ನಡೆಯುತ್ತದೆ. ವಿಮಾನ ನಿಲ್ದಾಣದಿಂದ ಊರ ನಡುವಿನ ದೇಆಕ್ ಚೌಕಕ್ಕೆ ಬರುವ 100ಇ ಬಸ್ಸಿಗೆ ಮಾತ್ರ ಪ್ರತ್ಯೇಕ ಟಿಕೆಟ್ ಬೇಕು. ಬಿಡಿ ಟಿಕೆಟ್ ಕೊಂಡವರು ಅದನ್ನು ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳದೆ ಹತ್ತಿದರೆ, ಟಿಕೆಟ್ ಕೈಯಲ್ಲಿದ್ದರೂ ತಪಾಸಣೆಯವರು ದಂಡ ಹಾಕುತ್ತಾರೆ. ಚಿಕ್ಕ ಮಕ್ಕಳಿಗೆ ಟಿಕೆಟ್ ಇಲ್ಲ. ವಯಸ್ಸಿನ ಪುರಾವೆಯಾಗಿ ಪಾಸ್‌ಪೋರ್ಟ್ ಜೊತೆಗಿರಲಿ. ಎರಡನೆಯ ಮೆಟ್ರೊ ಮಾರ್ಗದ ಎಸ್ಕಲೇಟರ್‌ಗಳು ಬಹಳ ಆಳಕ್ಕೆ ಇಳಿಯುತ್ತವೆ, ನಮ್ಮ ಮಾಲ್‌ಗಳಲ್ಲಿ ಇರುವವಕ್ಕಿಂತ ಎದ್ದು ಕಾಣುವಷ್ಟು ವೇಗವಾಗಿಯೂ ಚಲಿಸುತ್ತವೆ. ಸೀರೆಯುಟ್ಟ ಹಿರಿಯರು ನೆರಿಗೆ ಎತ್ತಿ ಹಿಡಿದು, ಒಬ್ಬರ ತೋಳು ಹಿಡಿದೇ ಹೆಜ್ಜೆಯಿಡಬೇಕು. ಸಾಧ್ಯವಿದ್ದಲ್ಲಿ ಟ್ರಾಮನ್ನೇ ಆರಿಸಿಕೊಳ್ಳುವುದು ಇನ್ನೂ ಕ್ಷೇಮ.

ಮೊದಲ ದಿನ: ಬುಡಾ ಗುಡ್ಡ

ಬೇಸಿಗೆಯಲ್ಲಿ ಬುಡಾಪೆಸ್ಟ್ ನಮಗಿಂತ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದಿದೆ. ಆದ್ದರಿಂದ ಮೊದಲ ಬೆಳಿಗ್ಗೆ ಇಡೀ ಮನೆ ನಸುಕಿಗೇ ಎದ್ದು ಕುಳಿತಿರುತ್ತದೆ. ಆ ಹೊತ್ತನ್ನು ಬಳಸಿಕೊಳ್ಳಿ. ದೇಆಕ್ ಚೌಕದಿಂದ 16ನೇ ನಂಬರಿನ ಬಸ್ ಚೈನ್ ಬ್ರಿಡ್ಜ್ ದಾಟಿ ಗುಡ್ಡದ ಮೇಲಿನ ಕೋಟೆ ಪ್ರದೇಶಕ್ಕೆ ಹೋಗುತ್ತದೆ. 1870ರಲ್ಲಿ ಆರಂಭವಾದ ಇಳಿಜಾರು ರೈಲು ಕೂಡ ಇದೆಯಾದರೂ ಅದಕ್ಕೆ ಪಾಸ್ ನಡೆಯುವುದಿಲ್ಲ, ಹಗಲಾದರೆ ಸಾಲು ದೊಡ್ಡದು. ಮೇಲೆ, ಬೆಸ್ತರ ಕೊತ್ತಳ ಎಂದು ಕರೆಯಬಹುದಾದ ಬಿಳಿಗಲ್ಲಿನ ಮೊಗಸಾಲೆಯಲ್ಲಿ ನಿಂತರೆ ಕೆಳಗೆ ನದಿ, ಆಚೆ ದಂಡೆಯಲ್ಲಿ ಪಾರ್ಲಿಮೆಂಟ್, ಅದರ ಹಿಂದಿನಿಂದ ಮೇಲೇರುವ ಸೂರ್ಯ. ಹತ್ತು ಗಂಟೆಯ ನಂತರ ಇದೇ ಕಟ್ಟೆಯ ಮೇಲೆ ಫೋಟೊಕ್ಕಾಗಿ ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕಾಗುತ್ತದೆ.

ಪಕ್ಕದ ಮಾತ್ಯಾಷ್ ಚರ್ಚಿನ ಚಾವಣಿಗೆ ಹೊದಿಸಿದ ಬಣ್ಣದ ಹೆಂಚುಗಳನ್ನು ಮಕ್ಕಳಿಗೆ ತೋರಿಸಿ. 1867ರಲ್ಲಿ ಫ್ರಾನ್ಸ್ ಯೋಸೆಫ್ ಹಂಗೆರಿಯ ದೊರೆಯಾಗಿ ಕಿರೀಟ ಧರಿಸಿದ್ದು ಇಲ್ಲಿಯೇ. ಗುಡ್ಡದ ಬೀದಿಗಳಿಗೆಲ್ಲ ಗುಂಡುಕಲ್ಲು ಹಾಸಿರುವುದರಿಂದ ಮಗುವಿನ ಗಾಡಿ ಗಡಗಡಿಸುತ್ತದೆ, ಹವಾಯಿ ಚಪ್ಪಲಿ ಜಾರುತ್ತದೆ; ಎಲ್ಲರಿಗೂ ಶೂ ಇರಲಿ. ಮಧ್ಯಾಹ್ನಕ್ಕೆ ಮನೆಗೆ ಮರಳಿ ಮಲಗಿಬಿಡಿ.

ಸಂಜೆ ಎರಡನೇ ನಂಬರಿನ ಟ್ರಾಮ್. ಮಾರ್ಗರೆಟ್ ಸೇತುವೆಯ ಬಳಿಯ ಯಾಸಾಯಿ ಮಾರಿ ಚೌಕದಲ್ಲಿ ಹತ್ತಿ, ದಕ್ಷಿಣಕ್ಕೆ ಹೋಗುವಾಗ ಬಲಬದಿಯ ಕಿಟಕಿ ಹಿಡಿಯಬೇಕು. ಟ್ರಾಮ್ ಪಾರ್ಲಿಮೆಂಟನ್ನು ಬಳಸಿ ನೀರಿನಂಚಿಗೆ ಬರುತ್ತಿದ್ದಂತೆ ಎದುರು ದಂಡೆಯ ಅರಮನೆಯ ದೀಪಗಳೂ ಚೈನ್ ಬ್ರಿಡ್ಜಿನ ಸಾಲುದೀಪಗಳೂ ಒಮ್ಮೆಲೇ ಕಣ್ಣಿಗೆ ಬೀಳುತ್ತವೆ. ಪಾಸ್ ಇದ್ದವರಿಗೆ ಇದಕ್ಕೆ ಬೇರೆ ಖರ್ಚೇ ಇಲ್ಲ. ಚೈನ್ ಬ್ರಿಡ್ಜ್ 1849ರಲ್ಲಿ ತೆರೆದದ್ದು, ಬುಡಾ ಪೆಸ್ಟ್‌ಗಳ ನಡುವಿನ ಮೊದಲ ಶಾಶ್ವತ ಸೇತುವೆ. 1945ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಅದನ್ನು ಸ್ಫೋಟಿಸಿತು. ಮತ್ತೆ ಕಟ್ಟಿ, ಸರಿಯಾಗಿ ನೂರು ವರ್ಷದ ಬಳಿಕ 1949ರಲ್ಲಿ ತೆರೆದರು. ಈಗ ಖಾಸಗಿ ಕಾರುಗಳಿಗೆ ಪ್ರವೇಶವಿಲ್ಲದ ಕಾರಣ ಹಿರಿಯರೂ ಸಾವಕಾಶವಾಗಿ ನಡೆದು ದಾಟಬಹುದು.

ಎರಡನೆಯ ದಿನ: ಪೆಸ್ಟ್

ಪಾರ್ಲಿಮೆಂಟ್ ಕಟ್ಟಡವನ್ನು ಒಳಹೊಕ್ಕು ನೋಡಲು ಮಾರ್ಗದರ್ಶಿಯೊಡನೆಯೇ ಹೋಗಬೇಕು. ಟಿಕೆಟ್‌ಗಳು ಬೇಗ ಮುಗಿಯುವುದರಿಂದ ಊರಿನಲ್ಲಿದ್ದಾಗಲೇ ಆನ್‌ಲೈನ್‌ನಲ್ಲಿ ಕಾದಿರಿಸಿ. ಯುರೋಪ್ ಒಕ್ಕೂಟದ ಹೊರಗಿನವರಿಗೆ ದರ ಹೆಚ್ಚು. 268 ಮೀಟರ್ ಉದ್ದದ ಈ ಕಟ್ಟಡದ ಗುಮ್ಮಟದ ಎತ್ತರ 96 ಮೀಟರ್. ಸಂತ ಸ್ಟೀಫನ್ ಬೆಸಿಲಿಕಾದ ಎತ್ತರವೂ ಅಷ್ಟೇ. ಹಂಗೆರಿಯನ್ನರ ಪೂರ್ವಿಕರು ಈ ನೆಲಕ್ಕೆ ಬಂದರೆಂದು ಅವರು ಆಚರಿಸುವ ವರ್ಷ 896. ಆ ಸಂಖ್ಯೆಯ ನೆನಪು ಎರಡು ಗುಮ್ಮಟಗಳಲ್ಲಿಯೂ ಉಳಿದಿದೆ. ಗುಮ್ಮಟದಡಿಯಲ್ಲಿ ಹಂಗೆರಿಯ ಪವಿತ್ರ ಕಿರೀಟವಿದೆ, ಅದರ ಫೋಟೊ ತೆಗೆಯುವಂತಿಲ್ಲ.

ಅಲ್ಲಿಂದ ನದಿಯಂಚಿನಲ್ಲಿ ಸ್ವಲ್ಪ ದಕ್ಷಿಣಕ್ಕೆ ನಡೆದರೆ ದಂಡೆಯ ಕಲ್ಲಿನ ಮೇಲೆ ಅರವತ್ತು ಜೊತೆ ಕಬ್ಬಿಣದ ಪಾದರಕ್ಷೆಗಳು ಸಾಲಾಗಿವೆ. 1944–45ರ ಚಳಿಗಾಲದಲ್ಲಿ ಹಂಗೆರಿಯ ಫ್ಯಾಸಿಸ್ಟ್ ಆ್ಯರೋ ಕ್ರಾಸ್ ಪಡೆಯವರು ಯಹೂದಿಗಳನ್ನು ಇಲ್ಲಿ ನಿಲ್ಲಿಸಿ, ಬೆಲೆಬಾಳುವ ವಸ್ತುಗಳಾಗಿದ್ದ ಪಾದರಕ್ಷೆಗಳನ್ನು ಕಳಚಿಸಿ, ಗುಂಡಿಕ್ಕಿ ನದಿಗೆ ಬೀಳಿಸಿದರು. 2005ರಲ್ಲಿ ಸ್ಥಾಪಿಸಿದ ಈ ಸ್ಮಾರಕದಲ್ಲಿ ಹಿಮ್ಮಡಿ ಸವೆದ ಗಂಡಸರ ಬೂಟುಗಳಿವೆ, ಲೇಸ್ ಸಡಿಲವಾಗಿ ಬಿದ್ದ ಹೆಂಗಸರ ಶೂಗಳಿವೆ, ಪುಟ್ಟ ಮಗುವಿನ ಜೊತೆಯೂ ಇದೆ. ಜನ ಅವುಗಳಲ್ಲಿ ಹೂವು, ಬೆಣಚುಕಲ್ಲು, ಮೋಂಬತ್ತಿ ಇಟ್ಟು ಹೋಗುತ್ತಾರೆ. ಹತ್ತು ವರ್ಷ ದಾಟಿದ ಮಕ್ಕಳಿಗೆ ನಡೆದದ್ದನ್ನು ಮನೆಯಲ್ಲೇ ಸರಳವಾಗಿ ತಿಳಿಸಿ ಕರೆತರುವುದು ಒಳ್ಳೆಯದು. ಅಲ್ಲಿ ನಿಂತ ಮೇಲೆ ವಿವರಿಸಲು ಹೊರಟರೆ ದೊಡ್ಡವರಿಗೇ ಮಾತು ಹೊರಡುವುದಿಲ್ಲ. ಶೂಗಳೊಳಗೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳಲು ಯಾರಿಗೂ ಬಿಡಬೇಡಿ.

ಮಧ್ಯಾಹ್ನದ ವಿಶ್ರಾಂತಿಯ ನಂತರ ಮೊದಲ ಮೆಟ್ರೊ ಮಾರ್ಗದಲ್ಲಿ ವೀರರ ಚೌಕಕ್ಕೆ ಹೋಗಿ. 1896ರಲ್ಲಿ ಆರಂಭವಾದ ಇದು ಯುರೋಪ್ ಮುಖ್ಯ ಭೂಭಾಗದ ಅತ್ಯಂತ ಹಳೆಯ ಸುರಂಗ ರೈಲು. ಬೀದಿಯಿಂದ ಕೆಲವೇ ಮೆಟ್ಟಿಲು ಇಳಿದರೆ ಪ್ಲಾಟ್‌ಫಾರ್ಮ್, ಬಿಳಿ ಹೆಂಚಿನ ಗೋಡೆ, ಪುಟ್ಟ ಹಳದಿ ಬೋಗಿಗಳು. ಚೌಕದ ಹಿಂದಿನ ದೊಡ್ಡ ಉದ್ಯಾನದಲ್ಲಿ ಮಕ್ಕಳ ಆಟಕ್ಕೆ ವಿಶಾಲವಾದ ಜಾಗವಿದೆ. ಚಿತ್ರಕಲೆಯಲ್ಲಿ ಆಸಕ್ತಿಯುಳ್ಳ ಮಕ್ಕಳಿಗೆ ಇನ್ನೊಂದು ಸಂಗತಿ ಹೇಳಿ: ಭಾರತದ ಹೆಸರಾಂತ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಹುಟ್ಟಿದ್ದು 1913ರಲ್ಲಿ ಇದೇ ಊರಿನಲ್ಲಿ, ಹಂಗೆರಿಯ ತಾಯಿ ಮತ್ತು ಪಂಜಾಬಿನ ತಂದೆಗೆ.

ಊಟ

ಹಂಗೆರಿಯ ಅಡುಗೆ ಮಾಂಸಪ್ರಧಾನ, ಒಗ್ಗರಣೆಗೂ ಹಲವೆಡೆ ಹಂದಿಯ ಕೊಬ್ಬೇ. ಆದ್ದರಿಂದ ಸಸ್ಯಾಹಾರಿಗಳು ಮಾಂಸವಿಲ್ಲವೇ ಎಂದಷ್ಟೇ ಕೇಳಿದರೆ ಸಾಲದು, ಕೊಬ್ಬನ್ನೂ ಕೇಳಬೇಕು: ಪಟ್ಟಿಯಲ್ಲಿ ‘ಹೂಶ್’ ಎಂದರೆ ಮಾಂಸ, ‘ಝೀರ್’ ಎಂದರೆ ಕೊಬ್ಬು. ಬೇಕರಿಯ ಪೊಗಾಚಾ ಎಂಬ ಖಾರದ ಬನ್ನುಗಳಲ್ಲಿಯೂ ಕೆಲವಕ್ಕೆ ಹುರಿದ ಹಂದಿಕೊಬ್ಬಿನ ಚೂರು ಬೆರೆಸಿರುತ್ತಾರೆ. ತರಕಾರಿಯನ್ನು ಬೇಯಿಸಿ ಗಟ್ಟಿಯಾಗಿಸಿದ ಫೋಜೆಲೆಕ್, ಹುಳಿ ಚೆರ್ರಿಯ ತಣ್ಣನೆಯ ಸೂಪ್, ಕರಿದ ಚೀಸ್ ಇವನ್ನು ವಿಚಾರಿಸಿ ತಿನ್ನಬಹುದು. ಎಣ್ಣೆಯಲ್ಲಿ ಕರಿದು ಬೆಳ್ಳುಳ್ಳಿ ನೀರು ಸವರಿ, ಹುಳಿ ಕ್ರೀಮ್ ಮತ್ತು ತುರಿದ ಚೀಸ್ ಹಾಕಿ ಕೊಡುವ ಲಾಂಗೋಶ್ ಮಕ್ಕಳಿಗೆ ಖಂಡಿತ ಹಿಡಿಸುತ್ತದೆ. ದಿನಕ್ಕೊಂದು ಹೊತ್ತು ಮನೆಯಲ್ಲೇ ಅನ್ನ ಸಾರು ಮಾಡಿಕೊಂಡರೆ ಹಿರಿಯರಿಗೂ ನೆಮ್ಮದಿ. ನಲ್ಲಿಯ ನೀರು ಕುಡಿಯಲು ಯೋಗ್ಯ.

ಮೂರನೆಯ ಮತ್ತು ನಾಲ್ಕನೆಯ ದಿನ

ಬಿಸಿನೀರಿನ ಸ್ನಾನಗೃಹಗಳಿಗೆ ಬುಡಾಪೆಸ್ಟ್ ಪ್ರಸಿದ್ಧ. 1913ರ ಸೆಚೆನಿ ಸ್ನಾನಗೃಹ ಅವುಗಳಲ್ಲಿ ದೊಡ್ಡದು. ಆದರೆ ಅಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ, ಹೃದ್ರೋಗ ಅಥವಾ ರಕ್ತದೊತ್ತಡವಿರುವ ಹಿರಿಯರು ವೈದ್ಯರನ್ನು ಕೇಳದೆ ಇಳಿಯಬಾರದು. ಮಕ್ಕಳಿರುವ ಕುಟುಂಬ ಬೇಸಿಗೆಯಲ್ಲಿ ಮಾರ್ಗರೆಟ್ ದ್ವೀಪದ ಪಾಲಾತಿನುಸ್ ಈಜುಕೊಳಕ್ಕೆ ಹೋಗುವುದು ಸರಿ. ನದಿಯ ನಡುವಿನ ಎರಡೂವರೆ ಕಿಲೋಮೀಟರ್ ಉದ್ದದ ಈ ದ್ವೀಪಕ್ಕೆ ಒಂದು ದಿನವೇ ಮೀಸಲಿಡಬಹುದು: ಖಾಸಗಿ ಕಾರುಗಳ ಓಡಾಟವಿಲ್ಲ, ಮನೆಮಂದಿಯೆಲ್ಲ ಸೇರಿ ತುಳಿಯುವ ನಾಲ್ಕು ಚಕ್ರದ ಗಾಡಿಗಳು ಬಾಡಿಗೆಗೆ ಸಿಗುತ್ತವೆ, ನಡೆಯಲಾರದವರಿಗೆ 26ನೇ ನಂಬರಿನ ಬಸ್ಸು ದ್ವೀಪದುದ್ದಕ್ಕೂ ಇದೆ. ಹದಿಮೂರನೆಯ ಶತಮಾನದಲ್ಲಿ ದೊರೆ ನಾಲ್ಕನೇ ಬೇಲಾನ ಮಗಳು ಮಾರ್ಗರೆಟ್ ಸನ್ಯಾಸಿನಿಯಾಗಿ ಬಾಳಿದ ಮಠದ ಅವಶೇಷಗಳೂ ಇಲ್ಲಿವೆ.

ನಾಲ್ಕನೆಯ ದಿನಕ್ಕೆ ಮಕ್ಕಳ ರೈಲನ್ನು ಉಳಿಸಿಕೊಳ್ಳಿ. ಬುಡಾ ಗುಡ್ಡಗಳ ಕಾಡಿನಲ್ಲಿ ಸುಮಾರು 11 ಕಿಲೋಮೀಟರ್ ಸಾಗುವ ಈ ಕಿರುರೈಲು 1948ರಲ್ಲಿ ಶುರುವಾಯಿತು. ಟಿಕೆಟ್ ಕೊಡುವವರು, ಸಿಗ್ನಲ್ ನೋಡುವವರು, ರೈಲು ಹೊರಡುವಾಗ ಸೆಲ್ಯೂಟ್ ಹೊಡೆಯುವವರು ಎಲ್ಲರೂ ಹತ್ತರಿಂದ ಹದಿನಾಲ್ಕರ ವಯಸ್ಸಿನ ಶಾಲಾ ಮಕ್ಕಳು. ಎಂಜಿನ್ ಓಡಿಸುವವರೂ ಮೇಲ್ವಿಚಾರಕರೂ ಮಾತ್ರ ದೊಡ್ಡವರು. ತಮ್ಮದೇ ವಯಸ್ಸಿನ ಹುಡುಗಿಯೊಬ್ಬಳು ಸಮವಸ್ತ್ರ ತೊಟ್ಟು ಗಂಭೀರವಾಗಿ ಟಿಕೆಟ್ ತಪಾಸಣೆಗೆ ಬಂದಾಗ ನಮ್ಮ ಮಕ್ಕಳ ಮುಖ ನೋಡಬೇಕು. ಸೇಲ್ ಕಾಲ್ಮಾನ್ ಚೌಕದಿಂದ 61ನೇ ನಂಬರಿನ ಟ್ರಾಮ್ ಹಿಡಿದು ಕೊನೆಯ ನಿಲ್ದಾಣ ಹ್ಯೂವೋಶ್‌ವೋಲ್ಜ್‌ನಲ್ಲಿ ಇಳಿದರೆ ರೈಲು ಅಲ್ಲಿಂದಲೇ ಹೊರಡುತ್ತದೆ. ಬೇಸಿಗೆಯ ಹೊರಗೆ ಸೋಮವಾರಗಳಂದು ಓಡುವುದಿಲ್ಲವಾದ್ದರಿಂದ ದಿನ ಗೊತ್ತು ಮಾಡುವಾಗ ವೇಳಾಪಟ್ಟಿ ನೋಡಿಕೊಳ್ಳಬೇಕು.

ಮನೆಗೆ ಒಯ್ಯಲು ಪಾಪ್ರಿಕಾ ಮೆಣಸಿನಪುಡಿ ಕೊಳ್ಳುವವರಿಗೆ 1897ರ ದೊಡ್ಡ ಮಾರುಕಟ್ಟೆ ಎರಡನೇ ಟ್ರಾಮಿನ ದಾರಿಯಲ್ಲೇ ಇದೆ, ಭಾನುವಾರ ಮುಚ್ಚಿರುತ್ತದೆ. ಸಿಹಿ, ಖಾರ ಎರಡು ಬಗೆಯಿರುವುದರಿಂದ ಕೇಳಿ ಕೊಳ್ಳಿ. ಬಣ್ಣ ಒಂದೇ ರೀತಿ ಕಂಡರೂ ಸಿಹಿಯದರಲ್ಲಿ ನಮ್ಮ ಸಾರಿಗೆ ಬೇಕಾದ ಖಾರ ಇರುವುದಿಲ್ಲ.