ಮೀಟರಿನ ಮಿಣುಕು ಎಣಿಸಿ ಬಿಲ್ ಇಳಿಸಿದ್ದು

ಬಲ್ಬುಗಳೆಲ್ಲ ಎಲ್‌ಇಡಿ ಆದವು, ಕೋಣೆಯಿಂದ ಹೊರಬರುವಾಗ ಸ್ವಿಚ್ ಆರಿಸುವ ಅಭ್ಯಾಸವೂ ಆಯಿತು, ಆದರೂ ವಿದ್ಯುತ್ ಬಿಲ್ ಇಳಿಯುತ್ತಿಲ್ಲ ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯ ಬಳಕೆ ಈಗ ಹೆಚ್ಚುಕಡಿಮೆ ಮೂರನೇ ಒಂದು ಭಾಗ ತಗ್ಗಿದೆ. ಅದಕ್ಕಾಗಿ ದೊಡ್ಡ ಯಂತ್ರ ಯಾವುದನ್ನೂ ಕೊಳ್ಳಲಿಲ್ಲ. ‘ಚಿಲ್ಲರೆ ಕಾಸಿಗೆ ಇಷ್ಟು ಪರದಾಟವೇ?’ ಎಂದಿದ್ದ ಸ್ನೇಹಿತರೇ ಈಗ ತಮ್ಮ ಮನೆಯನ್ನೂ ಒಮ್ಮೆ ನೋಡಿಕೊಡಿ ಎನ್ನುತ್ತಿದ್ದಾರೆ.

ನಾನು ಬೆನ್ನು ಹತ್ತಿದ್ದು ಯಾರೂ ಏನನ್ನೂ ಬಳಸದ ಹೊತ್ತಿನ ಬಳಕೆಯನ್ನು. ಫ್ಯಾನ್ ಬೇಕಿಲ್ಲದ ಒಂದು ರಾತ್ರಿ, ಎಲ್ಲರೂ ಮಲಗಿ ಫ್ರಿಜ್‌ನ ಕಂಪ್ರೆಸರ್ ಕೂಡ ನಿಂತಾಗ, ಮೀಟರಿನ ದೀಪದ ಎರಡು ಮಿಣುಕುಗಳ ನಡುವಿನ ಸೆಕೆಂಡುಗಳನ್ನು ಮೊಬೈಲಿನಲ್ಲಿ ಅಳೆದೆ. ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂಬುದು ಮೀಟರಿನ ಮೇಲೆಯೇ ಇರುತ್ತದೆ. ನಮ್ಮದು 3200. ಒಂದು ಯೂನಿಟ್ ಅಂದರೆ 36 ಲಕ್ಷ ವ್ಯಾಟ್-ಸೆಕೆಂಡ್; ಆ 36 ಲಕ್ಷವನ್ನು ಮೊದಲು ಮಿಣುಕಿನ ಸಂಖ್ಯೆಯಿಂದ, ಆಮೇಲೆ ಸೆಕೆಂಡುಗಳಿಂದ ಭಾಗಿಸಿದರೆ ಆ ಕ್ಷಣದ ವ್ಯಾಟ್ ಸಿಗುತ್ತದೆ. ಹತ್ತು ಸೆಕೆಂಡಿಗೊಂದು ಮಿಣುಕು ಬರುತ್ತಿತ್ತು, ಅಂದರೆ 110 ವ್ಯಾಟ್‌ನ ಆಸುಪಾಸು. ಹಗಲೂ ರಾತ್ರಿ ಎಳೆಯುವ ಒಂದೊಂದು ವ್ಯಾಟ್‌ಗೂ ವರ್ಷಕ್ಕೆ 8.76 ಯೂನಿಟ್ ತೆರಬೇಕು. ಗುಣಿಸಿ ನೋಡಿ, ಸಾವಿರ ಯೂನಿಟ್‌ನ ಹತ್ತಿರ ಬರುತ್ತದೆ! ಸಂಜೆ ನಾಲ್ಕು ತಾಸು ಉರಿಯುವ ಒಂಬತ್ತು ವ್ಯಾಟ್ ಬಲ್ಬಿನ ಹಿಂದೆ ಬಿದ್ದವರಿಗೆ ಇದು ಕಾಣುವುದೇ ಇಲ್ಲ.

ಎಂಸಿಬಿಗಳನ್ನು (ಮನೆಯ ಒಂದೊಂದು ಭಾಗದ ವಿದ್ಯುತ್ ಕಡಿಯುವ ಸ್ವಿಚ್‌ಗಳನ್ನು) ಒಂದೊಂದಾಗಿ ಇಳಿಸುತ್ತ ಮಿಣುಕು ಎಲ್ಲಿ ನಿಧಾನವಾಗುತ್ತದೆ ಎಂದು ನೋಡಿದೆ. ಸಿಕ್ಕಿದ್ದು ಸೆಟ್‌ಟಾಪ್ ಬಾಕ್ಸ್ (ರಿಮೋಟ್‌ನಲ್ಲಿ ಆರಿಸಿದರೂ ಅದರ ಹಸಿವು ಹೆಚ್ಚುಕಡಿಮೆ ಅಷ್ಟೇ), ಹಳೆಯ ಆಂಪ್ಲಿಫೈಯರ್, ಕಂಪ್ಯೂಟರಿನ ಯುಪಿಎಸ್ ಮತ್ತು ಪ್ರಿಂಟರ್. ಎಂಸಿಬಿ ಇಳಿಸುವ ಕ್ರಮದಲ್ಲಿ ಒಂದು ಉಪಾಯವಿದೆ. ಅದರಿಂದ ಇಡೀ ಮನೆಯ ತಪಾಸಣೆಯನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತೇನೆ. ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಹಣ ಹಾಳಾದದ್ದು ಮೊಬೈಲಿನಿಂದಲೇ ಆರಿಸಬಹುದಾದ ಸ್ಮಾರ್ಟ್ ಪ್ಲಗ್‌ಗಳಲ್ಲಿ. ಅವು ತಾವೇ ತಲಾ ಒಂದು ವ್ಯಾಟ್‌ನಷ್ಟು ತಿನ್ನುತ್ತವೆ. ನಾಲ್ಕು ಪ್ಲಗ್ ಹಾಕಿ ಉಳಿಸಿದ್ದರಲ್ಲಿ ಒಂದು ಪಾಲು ಅವುಗಳಿಗೇ ಹೋಯಿತು. ಕೊನೆಗೆ ಗೆದ್ದದ್ದು ಕೈಗೆಟಕುವಂತೆ ಗೋಡೆಗೆ ಹೊಡೆದ, ಸ್ವಿಚ್ ಇರುವ ಸಾದಾ ಎಕ್ಸ್‌ಟೆನ್ಷನ್ ಬೋರ್ಡ್. ಪ್ಲಗ್‌ಗೆ ಸಿಕ್ಕಿಸುವ ‘ವಿದ್ಯುತ್ ಉಳಿಸುವ ಪೆಟ್ಟಿಗೆ’ಯೊಂದನ್ನು ಪರಿಚಿತರು ತಂದುಕೊಟ್ಟಿದ್ದರು. ಒಳಗಿರುವುದು ಒಂದು ಕೆಪಾಸಿಟರ್. ಅದು ಪವರ್ ಫ್ಯಾಕ್ಟರನ್ನು (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲನ್ನು) ತಿದ್ದೀತು, ಆದರೆ ಮನೆಯ ಮೀಟರು ಯೂನಿಟ್‌ಗಳನ್ನಷ್ಟೇ ಎಣಿಸುತ್ತದೆ. ಮಿಣುಕಿನ ವೇಗ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಇಂಥವನ್ನು ಮಾರುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ತಗ್ಗಿದ ಆ ಮೂರನೇ ಒಂದು ಭಾಗದಲ್ಲಿ ದೊಡ್ಡ ಪಾಲು ಗೀಸರಿನದು. ಇಪ್ಪತ್ತು ಲೀಟರ್ ನೀರನ್ನು ಮೂವತ್ತು ಡಿಗ್ರಿ ಏರಿಸಲು ಸುಮಾರು 0.7 ಯೂನಿಟ್ ಬೇಕು. ಭೌತಶಾಸ್ತ್ರದ ಈ ಲೆಕ್ಕದ ಜೊತೆ ಚೌಕಾಸಿ ನಡೆಯುವುದಿಲ್ಲ. ಆದರೆ ಕಾದ ನೀರು ಬಳಕೆಯಿಲ್ಲದೆ ಆರುತ್ತ ಮತ್ತೆ ಮತ್ತೆ ಕಾಯುವುದನ್ನು ತಪ್ಪಿಸಬಹುದು. ನೀರು ಎಷ್ಟು ಬಿಸಿಯಾಗಬೇಕೆಂದು ನಿಗದಿಪಡಿಸುವ ಥರ್ಮೋಸ್ಟಾಟನ್ನು ತೀರಾ ಕೆಳಗಿಳಿಸಿ ಎಂಬ ಸಲಹೆಯನ್ನು ನಾನು ಒಪ್ಪಲಿಲ್ಲ. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. 60 ಡಿಗ್ರಿಯಲ್ಲೇ ಇಟ್ಟು, ಸ್ನಾನಗಳನ್ನೆಲ್ಲ ಒಂದೇ ಹೊತ್ತಿಗೆ ಒಟ್ಟುಗೂಡಿಸಿ, ಟೈಮರ್ ಹಾಕಿದೆ. ಬಿಸಿನೀರಿನ ಪೈಪಿಗೆ ಫೋಮ್ ಕವಚವನ್ನೂ ತೊಡಿಸಿದೆ. ಟೈಮರಿನ ಬೆಲೆ ಎರಡು ಮೂರು ಬಿಲ್‌ಗಳಲ್ಲೇ ವಾಪಸಾಯಿತು. ಮನೆಯವರನ್ನು ಒಂದೇ ಹೊತ್ತಿಗೆ ಸ್ನಾನಕ್ಕೆ ಒಪ್ಪಿಸಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ನಡುವೆ ಫ್ರಿಜ್‌ನ ಖಾಲಿ ಜಾಗಕ್ಕೆ ನೀರಿನ ಬಾಟಲಿಗಳನ್ನು ತುಂಬಿಯೂ ನೋಡಿದೆ. ಬಿಲ್‌ನಲ್ಲಿ ಗುರುತಿಸುವಷ್ಟು ವ್ಯತ್ಯಾಸ ಬರಲಿಲ್ಲ. ಬಾಗಿಲಿನ ಸಡಿಲ ರಬ್ಬರ್ ಬದಲಿಸಿ, ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿ, ಹಿಂಬದಿಯ ಧೂಳು ಒರೆಸಿದ ಮೇಲೆ ಕಂಪ್ರೆಸರ್ ಹೆಚ್ಚು ಹೊತ್ತು ಸುಮ್ಮನಿರತೊಡಗಿತು. ರಾತ್ರಿಯ ಮಿಣುಕು ಈಗ ನಲವತ್ತು ಸೆಕೆಂಡಿಗೊಂದು. ಉಳಿದ ಸುಮಾರು 28 ವ್ಯಾಟ್‌ನಲ್ಲಿ ರೂಟರಿನ ಪಾಲು ಹತ್ತು ವ್ಯಾಟ್‌ನಷ್ಟಿದೆ. ಅದನ್ನೂ ರಾತ್ರಿ ಆರಿಸುವ ಬಗ್ಗೆ ಮನೆಯಲ್ಲಿ ಮಾತುಕತೆ ನಡೆದಿದೆ.