ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಟಿಕೆಟ್ ನೋಡಿ ಹಾರಾಟದ ಹೊತ್ತು ಲೆಕ್ಕ ಹಾಕುವುದು ಹೇಗೆ

ಅಪ್ಪ-ಅಮ್ಮನನ್ನು ಮೊದಲ ಸಲ ಕರೆಸಿಕೊಳ್ಳುವವರು ಗಮನಿಸಿ. ನೇರ ದೂರ ಸುಮಾರು 14,000 ಕಿ.ಮೀ. ಗಂಟೆಗೆ 900 ಕಿ.ಮೀ. ಅಂತ ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಗಾಳಿ, ಸುತ್ತುದಾರಿ, ರನ್‌ವೇಯಲ್ಲಿ ಕಾಯುವುದು ಸೇರಿ ಇನ್ನೂ ಒಂದೆರಡು ಗಂಟೆ ಏರಬಹುದು.

ಟಿಕೆಟ್‌ನಲ್ಲಿರುವುದು ಆಯಾ ಊರಿನ ಸಮಯ, ಇಲ್ಲೇ ಬಹಳ ಜನ ಎಡವುತ್ತಾರೆ. ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5:30ಕ್ಕೆ ಇಳಿಯುತ್ತದೆ ಅಂದರೆ, ಆ ಮೂರೂವರೆಗೆ ಎರಡೂ ಊರುಗಳ ಸಮಯದ ವ್ಯತ್ಯಾಸ ಹನ್ನೆರಡೂವರೆ ಸೇರಿಸಿ: 16 ಗಂಟೆ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಡುವುದರಿಂದ ಹದಿಮೂರೂವರೆ ಸೇರಿಸಬೇಕು. ವಾಪಸ್ ಬರುವಾಗ ಅಷ್ಟನ್ನೇ ಕಳೆಯಿರಿ. ಆಗ ತಾರೀಖೂ ಮುಂದೆ ಹೋಗಿರುತ್ತದೆ, ಇಳಿಯುವ ದಿನ ನೋಡಿಯೇ ಕ್ಯಾಬ್ ಬುಕ್ ಮಾಡಿ.

ಅಮೆರಿಕದೊಳಗೆ ವಿಮಾನ ಬದಲಿಸುವುದಿದ್ದರೆ ಸಾಮಾನ್ಯವಾಗಿ ಮೊದಲು ಇಳಿದಲ್ಲೇ ಇಮಿಗ್ರೇಶನ್ ಮುಗಿಸಿ, ಲಗೇಜ್ ತೆಗೆದು ಮತ್ತೆ ಕೊಡಬೇಕು. ಮೂರು ಗಂಟೆಗಿಂತ ಕಡಿಮೆ ಅಂತರದ ಟಿಕೆಟ್ ದಯವಿಟ್ಟು ಬೇಡ.