ಶಿರಸಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ಮನೆಯವರನ್ನು ಕರೆಸುವ ಮೊದಲು ಓದಿ

ಹೊಸದಾಗಿ ಬಂದವರು ಇಲ್ಲಿನ ಕನ್ನಡ ಸಂಘದಲ್ಲಿ ಕೇಳುವುದು ಇದನ್ನೇ: ಊರಿಂದ ಇಲ್ಲಿಗೆ ಎಷ್ಟು ಗಂಟೆ? ಬೆಂಗಳೂರಿನಿಂದ ಸುಮಾರು 14,000 ಕಿಲೋಮೀಟರ್. ಎಲ್ಲೂ ಇಳಿಯದೆ ಬಂದರೆ 16–17 ಗಂಟೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಇಲ್ಲಿಂದ ಉತ್ತರ ಧ್ರುವದ ಮೇಲೆ ಹಾರಿ ನೇರ ಬೆಂಗಳೂರಿನಲ್ಲಿ ಇಳಿದಿದ್ದರು, ನೆನಪಿದೆ ಅಲ್ವಾ? ನಡುವೆ ವಿಮಾನ ಬದಲಿಸಿದರೆ 20 ಗಂಟೆ ಸಲೀಸಾಗಿ ದಾಟುತ್ತದೆ.

ಆದರೆ ಆಯಿ, ಅಂದರೆ ಅಮ್ಮ, ಹೊರಡುವುದು ಬೆಂಗಳೂರಿನಿಂದಲ್ಲ, ಶಿರಸಿಯಿಂದ. ಬೆಂಗಳೂರಿಗೆ 400 ಕಿಲೋಮೀಟರ್, ರಾತ್ರಿ ಬಸ್ಸು. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ದೇವನಹಳ್ಳಿ ಮುಟ್ಟುವುದೇ ಇನ್ನೊಂದು ಪ್ರಯಾಣ. ಬಸ್ಸಿಳಿದ ದಿನವೇ ವಿಮಾನ ಹತ್ತಿಸಬೇಡಿ. ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿಯಲಿ.

ಕಾರವಾರದವರಿಗೆ ಗೋವಾ ಹತ್ತಿರ, ನಿಜ. ಅಲ್ಲಿ ಈಗ ಎರಡು ವಿಮಾನ ನಿಲ್ದಾಣ. ಟಿಕೆಟ್‌ನ ಕೋಡಿನಲ್ಲಿ ದಾಬೋಲಿಂ ಅಂದರೆ ಜಿಓಐ, ಮೋಪಾ ಅಂದರೆ ಜಿಓಎಕ್ಸ್. ಮೋಪಾ ಗೋವಾದ ಆ ತುದಿಯಲ್ಲಿದೆ. ಬರೀ ‘ಗೋವಾ’ ಅಂತ ನೋಡಿ ಬುಕ್ ಮಾಡಬೇಡಿ. ಮಳೆಗಾಲದಲ್ಲಿ ಹೆದ್ದಾರಿಯನ್ನೂ ನಂಬಬೇಡಿ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿಯಿತು, ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು.

ಇನ್ನು ಟಿಕೆಟ್. ಇಲ್ಲಿ ಸ್ವಲ್ಪ ಬೈಯಲೇಬೇಕು. ನಾಲ್ಕು ಕಾಸು ಉಳಿಯುತ್ತದೆಂದು ಎರಡು ಬೇರೆ ಬೇರೆ ಟಿಕೆಟ್ ತೆಗೆಯುವವರು ಈಗಲೂ ಇದ್ದಾರೆ. ಮೊದಲ ವಿಮಾನ ತಡವಾದರೆ ಎರಡನೆಯ ಕಂಪನಿ ‘ನಮಗೇನು ಸಂಬಂಧ’ ಅನ್ನುತ್ತದೆ. ನಡುವಿನ ದೇಶದಲ್ಲಿ ಬ್ಯಾಗ್ ಹೊರಗೆ ತೆಗೆದು ಮತ್ತೆ ಕೊಡಬೇಕಾದರೆ ಆ ದೇಶದ ವೀಸಾವೂ ಬೇಕಾಗಬಹುದು. ಇಡೀ ಪ್ರಯಾಣಕ್ಕೆ ಒಂದೇ ಪಿಎನ್‌ಆರ್ (ಬುಕಿಂಗ್ ಸಂಖ್ಯೆ) ಇರಲಿ. ನ್ಯೂಯಾರ್ಕ್ ಮೇಲೆ ಬಂದರೆ ಇಮಿಗ್ರೇಷನ್ ಅಲ್ಲೇ. ಬ್ಯಾಗನ್ನೂ ಅಲ್ಲೇ ತೆಗೆದು, ಕಸ್ಟಮ್ಸ್ ದಾಟಿಸಿ, ಮತ್ತೆ ಕೊಡಬೇಕು. ಇಂಗ್ಲಿಷ್ ಬಾರದ ಆಯಿ ಇದನ್ನೆಲ್ಲ ಒಂದೂವರೆ ಗಂಟೆಯಲ್ಲಿ ಮುಗಿಸಬೇಕೇ? ಮೂರು ನಾಲ್ಕು ಗಂಟೆ ಬಿಡುವು ಇರುವ ಟಿಕೆಟ್ ನೋಡಿ. ಬುಕ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ‘ನಾನೇನು ರೋಗಿಯಾ’ ಅನ್ನುತ್ತಾರೆ, ಅನ್ನಲಿ. ತಳ್ಳುವವರೇ ದಾರಿ ತೋರಿಸುತ್ತಾರೆ, ಅಷ್ಟು ಸಾಕು.

ಸಾಮಾನು:
- ಜೋನಿ ಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. 100 ಎಂಎಲ್ ಮೀರಿದ ದ್ರವ ಸೆಕ್ಯೂರಿಟಿಯಲ್ಲೇ ಉಳಿಯುತ್ತದೆ. ದೊಡ್ಡ ಬ್ಯಾಗಿಗೆ ಹಾಕಿ. ಮುಚ್ಚಳಕ್ಕೆ ಟೇಪ್, ಎರಡು ಪ್ಲಾಸ್ಟಿಕ್, ಮೇಲೊಂದು ಹಳೇ ಟವೆಲ್.
- ಒಣ ಕೊಬ್ಬರಿ ದೊಡ್ಡ ಬ್ಯಾಗಿನಲ್ಲಿ ಹಾಕುವಂತಿಲ್ಲ. ಎಣ್ಣೆಯಂಶಕ್ಕೆ ಬೆಂಕಿ ಹಿಡಿಯಬಹುದು.
- ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ.
- ಹಲಸಿನ ಹಪ್ಪಳ ತನ್ನಿ, ಎಷ್ಟಾದರೂ. ತಿನ್ನುವ ವಸ್ತು ಇದೆ ಎಂದು ಫಾರ್ಮ್‌ನಲ್ಲೋ ಕೇಳಿದಾಗಲೋ ಹೇಳಿಬಿಡಿ. ಮುಚ್ಚಿಟ್ಟರೆ ದಂಡ.

ಟಿಕೆಟ್ ಮೇಲಿನ ಸಮಯ ಆಯಾ ಊರಿನದು. ಬೇಸಿಗೆಯಲ್ಲಿ ನಾವು ಊರಿಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಅದಕ್ಕೇ ಹೊರಟ ದಿನವೇ ಬಂದಿಳಿದಂತೆ ಕಾಣುತ್ತದೆ. ಬಂದ ಮೇಲೆ ಒಂದು ವಾರ ಅವರಿಗೆ ನಡುರಾತ್ರಿ ಹಸಿವು. ಫ್ರಿಜ್‌ನಲ್ಲಿ ಸ್ವಲ್ಪ ಅನ್ನ, ತಂಬುಳಿ ಇಟ್ಟು ಮಲಗಿ.